ನೂರಕ್ಕೆ ಹದಿನೆಂಟು

ಮೊದಲ ಸಲ ತಲೆ ತಿರುಗಿ ಮಂಚದ ಅಂಚು ಹಿಡಿದು ಕೂತ ನನ್ನ ಹೆಂಡತಿಗೆ ನಾನು ಹೇಳಿದ ಮಾತು ಇದು: “ನಾಟಕ ಸಾಕು, ಎದ್ದು ಸೀರೆ ಉಟ್ಕೊ.”

ಬರೆಯೋಕೇ ನಾಚಿಕೆಯಾಗುತ್ತೆ. ಆದರೂ ಅಲ್ಲಿಂದಲೇ ಶುರು ಮಾಡಬೇಕು.

ಅವತ್ತು ನನ್ನ ತಂಗಿಯ ಹೊಸ ಮನೆಯ ಗೃಹಪ್ರವೇಶ. ಅದಕ್ಕೆ ಒಂದು ವಾರ ಮುಂಚೆ ನನ್ನ ಹೆಂಡತಿ ಗಿರಿಜೆಗೂ ತಂಗಿಗೂ ಫೋನಿನಲ್ಲಿ ಏನೋ ಮಾತಿಗೆ ಮಾತು ಬೆಳೆದಿತ್ತು. ಹಾಗಾಗಿ ಬೆಳಿಗ್ಗೆ ಇವಳು “ರೀ, ಮನೆಯೆಲ್ಲಾ ಸುತ್ತುತಾ ಇದೆ ಕಣ್ರೀ, ನನ್ನ ಹಿಡ್ಕೊಳ್ಳಿ” ಅಂದಾಗ ನನಗೆ ಬಂದದ್ದು ಗಾಬರಿಯಲ್ಲ, ಕೋಪ. ಹೋಗದೇ ಇರೋಕೆ ಒಳ್ಳೇ ನೆಪ ಹುಡುಕಿದಾಳೆ ಅಂದುಕೊಂಡೆ. ಅವಳು ವಾಂತಿ ಮಾಡಿಕೊಂಡಳು. ಬಚ್ಚಲಿನವರೆಗೆ ನಡೆಯೋಕೂ ಆಗದೆ ಅಲ್ಲೇ ನೆಲದ ಮೇಲೆ. ಪಿತ್ತ ಏರಿದೆ ಅಂತ ನಾನೇ ತೀರ್ಮಾನ ಮಾಡಿದೆ. ನಿಂಬೆಹಣ್ಣಿನ ಪಾನಕ ಮಾಡಿ ಪಕ್ಕದಲ್ಲಿಟ್ಟು, ಎದುರುಮನೆಯವರಿಗೆ ಒಂದು ಮಾತು ಹೇಳಿ, ಒಬ್ಬನೇ ಹೊರಟುಬಿಟ್ಟೆ.

ಹೋಳಿಗೆ ಊಟ ಮಾಡಿಕೊಂಡು ಬಂದೆ.

ಮಧ್ಯಾಹ್ನ ಬಂದು ನೋಡಿದರೆ ನಾನು ಬಿಟ್ಟುಹೋದ ಹಾಗೇ ಇದ್ದಳು. ಎಡ ಮಗ್ಗುಲಿಗೆ, ಕಣ್ಣು ಮುಚ್ಚಿಕೊಂಡು. ಪಾನಕ ಮುಟ್ಟಿರಲಿಲ್ಲ. “ಕಣ್ಣು ಬಿಡು ನೋಡಣ” ಅಂದೆ. ಬಿಟ್ಟಳು. ಕಣ್ಣುಗುಡ್ಡೆ ನಿಲ್ಲುತ್ತಲೇ ಇರಲಿಲ್ಲ, ಒಂದೇ ಕಡೆಗೆ ಜಗ್ಗಿ ಜಗ್ಗಿ ವಾಪಸ್ ಬರುತ್ತಿತ್ತು. ಅಯ್ಯೋ ದೇವರೇ, ಇದನ್ನ ಯಾರಾದರೂ ಬೇಕೂ ಅಂತ ಮಾಡೋಕಾಗುತ್ತಾ? ಆಟೋ ಕರೆದೆ.

ಎರಡು ದಿನ ಅಡ್ಮಿಟ್ ಮಾಡಿಕೊಂಡರು. ಡ್ರಿಪ್, ಇಂಜೆಕ್ಷನ್, ಸ್ಕ್ಯಾನ್. ಮೆದುಳಿನಲ್ಲಿ ಏನೂ ಇಲ್ಲ ಅಂದರು. ಬಲಗಡೆಯ ಒಳಕಿವಿಯಿಂದ ಹೋಗುವ ಬ್ಯಾಲೆನ್ಸ್ ನರಕ್ಕೆ ಪೆಟ್ಟು ಬಿದ್ದಿದೆ, ಬಹುಶಃ ವೈರಸ್ಸಿನಿಂದ ಅಂದರು. ಕಿವಿ ಕೇಳಿಸೋದಕ್ಕೆ ಮಾತ್ರ ಅಂತ ತಿಳಿದಿದ್ದವನು ನಾನು. ಮನುಷ್ಯ ನೆಟ್ಟಗೆ ನಿಲ್ಲೋದೂ ಕಿವಿಯಿಂದಲೇ ಅಂತ ಐವತ್ತೊಂದನೇ ವಯಸ್ಸಿನಲ್ಲಿ ಗೊತ್ತಾಯಿತು.

ಮೂರು ವಾರ ಬಿಟ್ಟು ತೋರಿಸೋಕೆ ಹೋದಾಗ ಡಾಕ್ಟರ್ ಹೇಳಿದರು: “ಬಹಳ ಜನಕ್ಕೆ ತಾನಾಗೇ ಸರಿಹೋಗುತ್ತೆ. ಆದರೆ ದಿನನಿತ್ಯದ ಬದುಕಿಗೆ ಎಷ್ಟು ತೊಂದರೆ ಆಗ್ತಿದೆ ಅನ್ನೋದನ್ನ ಅಳೀಬೇಕು. ಅದನ್ನ ನೋಡ್ಕೊಂಡು ಮುಂದಿನದು ಹೇಳ್ತೀನಿ.”

ಅಳೆಯೋದು ಅಂದ ಕೂಡಲೇ ನಾನು ಚುರುಕಾದೆ. ಮೇಟಗಳ್ಳಿಯ ಒಂದು ಕಾರ್ಖಾನೆಯ ಕ್ವಾಲಿಟಿ ಸೆಕ್ಷನ್ನಿನಲ್ಲಿ ಇಪ್ಪತ್ತಾರು ವರ್ಷದಿಂದ ನನ್ನ ಕೆಲಸವೇ ಅದು. ಯಾವುದೋ ಮೆಷಿನ್ನಿಗೆ ಕೂರಿಸಿ ನೋಡುತ್ತಾರೆ ಅಂದುಕೊಂಡೆ. ಮೆಷಿನ್ ಇರಲಿಲ್ಲ. ಒಂದು ಹಾಳೆ ಇತ್ತು. ಇಪ್ಪತ್ತೈದು ಪ್ರಶ್ನೆ. ಹೌದು ಅಂದರೆ ನಾಲ್ಕು ಅಂಕ, ಕೆಲವೊಮ್ಮೆ ಅಂದರೆ ಎರಡು, ಇಲ್ಲ ಅಂದರೆ ಸೊನ್ನೆ. ನೂರರ ಹತ್ತಿರ ಹೋದಷ್ಟೂ ತೊಂದರೆ ಜಾಸ್ತಿ. ಕೇಳುತ್ತಿದ್ದ ಆಡಿಯಾಲಜಿಸ್ಟ್, ಅಂದರೆ ಕಿವಿ ಪರೀಕ್ಷೆ ಮಾಡುವವಳು, ಚಿಕ್ಕ ವಯಸ್ಸಿನ ಹೆಣ್ಣುಮಗಳು.

“ಮೇಲೆ ನೋಡಿದರೆ ತಲೆ ತಿರುಗೋದು ಜಾಸ್ತಿ ಆಗುತ್ತಾ?”

“ಇಲ್ಲ” ಅಂದೆ. ನಾನು.

ನಮ್ಮ ಕಡೆ ಹಾಗೇ. ಬ್ಯಾಂಕಾಗಲಿ, ಆಫೀಸಾಗಲಿ, ಆಸ್ಪತ್ರೆಯಾಗಲಿ, ಗಂಡ ಪಕ್ಕದಲ್ಲಿದ್ದರೆ ಗಂಡನೇ ಮಾತಾಡೋದು. ಹೆಂಗಸಿನ ಕಾಯಿಲೆಯನ್ನೂ ಅವನೇ ಹೇಳೋದು. ಆ ಹುಡುಗಿ ಮೆತ್ತಗೆ “ಅವರೇ ಹೇಳಲಿ ಸರ್” ಅಂದಳು. ನಾನು ನಗುತ್ತಾ, “ಅವಳಿಗೆ ಇದೆಲ್ಲಾ ಹೇಳಕ್ಕೆ ಬರಲ್ಲ ಮೇಡಂ, ಸಂಕೋಚ ಜಾಸ್ತಿ” ಅಂದುಬಿಟ್ಟೆ. ಯಾದವಗಿರಿಯ ಸ್ಕೂಲಿನಲ್ಲಿ ನಲವತ್ತು ಮಕ್ಕಳ ಮುಂದೆ ಬೆಳಿಗ್ಗೆಯಿಂದ ಸಂಜೆವರೆಗೆ ಗಂಟಲು ಹರಿದುಕೊಂಡು ಪಾಠ ಹೇಳುವವಳ ಬಗ್ಗೆ ಹೇಳಿದ ಮಾತು ಇದು! ಗಿರಿಜೆ ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ತನ್ನ ಕೈಬಳೆ ನೋಡಿಕೊಂಡು ಕೂತಳು. “ಹೌದಾ ಮೇಡಂ?” ಅಂತ ಹುಡುಗಿ ಪ್ರತಿ ಸಲ ಕೇಳಿದಾಗಲೂ ತಲೆ ಅಲ್ಲಾಡಿಸಿದಳು.

ಮಂಚದಿಂದ ಏಳೋಕೆ ಕಷ್ಟವಾ? ಇಲ್ಲ. ಕತ್ತಲಲ್ಲಿ ಓಡಾಡೋಕೆ? ಕೆಲವೊಮ್ಮೆ. ಜನ ನಿಮ್ಮನ್ನ ಕುಡಿದಿದಾರೆ ಅಂದುಕೊಂಡಾರು ಅಂತ ಭಯವಾ? “ಛೇ, ಏನ್ ಮೇಡಂ ನೀವು” ಅಂತ ನಾನೇ ನಕ್ಕೆ.

ಹದಿನೆಂಟು ಬಂತು. ಡಾಕ್ಟರ್ ಹಾಳೆ ನೋಡಿ, ಅಷ್ಟೇನಿಲ್ಲ, ಓಡಾಡಿಕೊಂಡಿರಿ, ಜಾಸ್ತಿಯಾದರೆ ಬನ್ನಿ ಅಂದರು. ಕೊಟ್ಟ ಉತ್ತರಕ್ಕೆ ತಕ್ಕ ಮಾತು ಅದು, ಅವರ ತಪ್ಪಿಲ್ಲ. ಆಚೆ ಬಂದು ಸ್ಕೂಟರ್ ಸ್ಟಾರ್ಟ್ ಮಾಡುತ್ತಾ ನಾನು ಅವಳನ್ನ ರೇಗಿಸಿದೆ. “ನೂರಕ್ಕೆ ಹದಿನೆಂಟು! ಫೇಲ್ ಆಗ್ಬುಟ್ಯಲ್ಲೇ ಟೀಚರಮ್ಮ!”

ಅವಳು ಹಿಂದೆ ಕೂತು ನನ್ನ ಷರ್ಟನ್ನ ಎರಡು ಕೈಯಲ್ಲೂ ಹಿಡಿದುಕೊಂಡಳು. ಅಷ್ಟು ಬಿಗಿಯಾಗಿ ಅವಳು ಯಾವತ್ತೂ ಹಿಡಿದವಳಲ್ಲ. ನನಗೆ ಅದೂ ತಿಳಿಯಲಿಲ್ಲ.

ಮುಂದಿನ ಮೂರು ತಿಂಗಳು ಆ ಹದಿನೆಂಟನ್ನ ನಾನು ಕೋಲಿನ ಹಾಗೆ ಹಿಡಿದುಕೊಂಡೇ ತಿರುಗಿದೆ. ಅಟ್ಟದ ಮೇಲಿನ ಪಾತ್ರೆ ಇಳಿಸಿಕೊಡಿ ಅಂದರೆ, “ಹದಿನೆಂಟಕ್ಕೆ ಇಷ್ಟೆಲ್ಲಾನಾ?” ಬಟ್ಟೆ ನೀವೇ ಒಣಹಾಕಿ ಅಂದರೆ, “ಹದಿನೆಂಟು ಕಣಮ್ಮ, ಎಂಬತ್ತೊಂದಲ್ಲ.” ಅವಳು ಸ್ಟೂಲಿನ ಮೇಲೆ ಕೂತು, ಒಂದು ಕೈಯಲ್ಲಿ ನಲ್ಲಿ ಹಿಡಿದುಕೊಂಡು ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳಂತೆ. ತನ್ನ ಸ್ಕೂಟಿ ಮುಟ್ಟೋದು ಬಿಟ್ಟಳು, ಬಸ್ಸಿನಲ್ಲಿ ಹೋಗತೊಡಗಿದಳು. ಹಜಾರದಿಂದ ಅಡಿಗೆಮನೆವರೆಗೆ ಗೋಡೆಯ ಮೇಲೆ, ಸೊಂಟದ ಎತ್ತರಕ್ಕೆ, ಕೈಯ ಕರೆ ಸಾಲಾಗಿ ಬಿದ್ದಿತ್ತು. ಸುಣ್ಣ ಬಣ್ಣ ಹಾಳು ಮಾಡ್ತಿದೀಯ ಅಂತ ಅದಕ್ಕೂ ಬೈದಿದ್ದೆ. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೆ ಪೀಸ್ ತೆಗೆದು ಪಕ್ಕಕ್ಕಿಡುವವನು, ಮನೆಯ ಗೋಡೆಯ ಮೇಲೆ ಇಷ್ಟುದ್ದ ಬರೆದಿದ್ದನ್ನ ಓದಲಿಲ್ಲ.

ಒಂದು ಗುರುವಾರ ಸ್ಕೂಲಿನಿಂದ ಫೋನ್ ಬಂತು.

ಬೋರ್ಡಿನ ಮೇಲೆ ಬರೆಯುತ್ತಿದ್ದವಳು ಮಕ್ಕಳ ಕಡೆ ತಿರುಗಿದಾಳೆ. ಹಾಗೇ ಬಿದ್ದಿದಾಳೆ. ಬೆಂಚಿನ ಮೂಲೆ ಹುಬ್ಬಿಗೆ ತಗುಲಿ ನಾಲ್ಕು ಹೊಲಿಗೆ. ಹೆಡ್ ಮೇಡಂ ನನ್ನನ್ನ ಪಕ್ಕಕ್ಕೆ ಕರೆದು ಹೇಳಿದರು: “ತಪ್ಪು ತಿಳ್ಕೋಬೇಡಿ ಸರ್. ಮಕ್ಕಳು ಹೆದರ್ಕೊಂಡಿದಾರೆ. ಪೂರ್ತಿ ಸರಿಹೋಗೋ ತನಕ ಗಿರಿಜಾ ಮಿಸ್ ಮನೇಲೇ ಇರ್ಲಿ. ಬರೋ ಜೂನ್‌ವರೆಗೂ ಕಾಯ್ತೀವಿ, ಆಮೇಲೆ ಕಷ್ಟ.” ಗಿರಿಜೆಗೆ ಅದು ಕೇಳಿಸಿತು. ಹೊಲಿಗೆ ಹಾಕುವಾಗ ಅಳದವಳು ಆಗ ಅತ್ತಳು. ಆ ಕೆಲಸ ಅವಳಿಗೆ ಸಂಬಳಕ್ಕಿಂತ ದೊಡ್ಡದು. ನಮಗೆ ಮಕ್ಕಳಿಲ್ಲ.

ಮತ್ತೆ ಆಸ್ಪತ್ರೆಗೆ ಹೋದೆವು. ಈ ಸಲ ಆಡಿಯಾಲಜಿಸ್ಟ್ ನನಗೆ ಬಾಗಿಲು ತೋರಿಸಿ, “ಸರ್, ನೀವು ಹೊರಗಡೆ ಕೂತ್ಕೊಳ್ಳಿ” ಅಂದಳು. ಕೂತೆ. ಕಿವಿಗೆ ತಣ್ಣೀರು ಬಿಸಿನೀರು ಬಿಟ್ಟು ನೋಡುವ ಪರೀಕ್ಷೆಯೂ ಆಯಿತು. ಆಮೇಲೆ ನನ್ನನ್ನ ಕರೆದು ಮೇಜಿನ ಮೇಲೆ ಎರಡು ಹಾಳೆ ಇಟ್ಟಳು. ಹಳೇದರಲ್ಲಿ ಹದಿನೆಂಟು.

ಹೊಸದರಲ್ಲಿ ಅರವತ್ತಾರು.

ಎರಡು ಸಲ ಅಳೆದಾಗ ಇಷ್ಟು ವ್ಯತ್ಯಾಸ ಬಂದರೆ ನಾವು ಮೊದಲು ಅನುಮಾನಪಡೋದು ಪೀಸನ್ನಲ್ಲ, ಅಳೆದವನನ್ನ.

“ಬಿದ್ದ ಮೇಲೆ ಜಾಸ್ತಿ ಆಯ್ತಾ ಮೇಡಂ?” ಅಂತ ಕೇಳಿದೆ. ಹಾಗೇ ಆಗಿರಲಿ ಅಂತ ಆಸೆ ನನಗೆ.

“ಇಲ್ಲ ಸರ್. ಮೊದಲಿನಿಂದಲೂ ಹೀಗೇ ಇತ್ತಂತೆ. ಬಲಗಿವಿಯ ಬ್ಯಾಲೆನ್ಸ್ ನರ ಹೆಚ್ಚುಕಮ್ಮಿ ಕೆಲಸ ಮಾಡ್ತಿಲ್ಲ. ಆಗಲೇ ಗೊತ್ತಾಗಿದ್ರೆ ಎಕ್ಸರ್‌ಸೈಜ್ ಶುರು ಮಾಡಿಸಿಬಿಡ್ತಿದ್ವಿ. ಬೇಗ ಮಾಡಿದಷ್ಟೂ ಒಳ್ಳೇದು. ಈಗಲೂ ಮಾಡೋಣ, ಸ್ವಲ್ಪ ತಾಳ್ಮೆ ಬೇಕು.”

ಮನೆಗೆ ಬಂದು ಕೇಳಿದೆ. “ಅವತ್ತು ಯಾಕೆ ಬಾಯಿ ಬಿಡಲಿಲ್ಲ ನೀನು? ನಾನು ತಪ್ಪು ಹೇಳ್ತಿದ್ರೆ ಅಲ್ಲ ಅನ್ನಬಾರದಿತ್ತಾ?” ನೋಡಿ, ಆಗಲೂ ನನ್ನ ದನಿಯಲ್ಲಿ ಜೋರೇ.

ಅವಳು ಹುಬ್ಬಿನ ಪಟ್ಟಿ ಮುಟ್ಟಿಕೊಂಡಳು. “ನೀವು ಇಲ್ಲ ಅಂದ್ಮೇಲೆ ನಾನು ಹೌದು ಅಂದ್ರೆ, ಆ ಹುಡುಗಿ ಮುಂದೆ ನಿಮ್ಮ ಮರ್ಯಾದೆ ಏನಾಗ್ತಿತ್ತು? ಅಷ್ಟೇ ಅಲ್ಲ ಕಣ್ರೀ. ನೀವು ಅಷ್ಟು ಗಟ್ಟಿಯಾಗಿ ಹೇಳ್ತಿದ್ರಿ, ನನಗೇ ಅನುಮಾನ ಬಂದ್ಬುಟ್ಟಿತ್ತು. ನಾನೇ ನಾಟಕ ಆಡ್ತಿದೀನೇನೋ ಅಂತ.”

ಆ ಮಾತು ನನ್ನನ್ನ ಇವತ್ತಿಗೂ ಬಿಟ್ಟಿಲ್ಲ.

ಎಕ್ಸರ್‌ಸೈಜ್ ಅಂದರೆ ನೋಡೋಕೆ ಏನೂ ಅಲ್ಲ. ಗೋಡೆಗೆ ಒಂದು ಅಕ್ಷರ ಅಂಟಿಸಬೇಕು, ಕಣ್ಣು ಅದರ ಮೇಲೇ ನೆಟ್ಟು ತಲೆಯನ್ನ ಮಾತ್ರ ಎಡಕ್ಕೆ ಬಲಕ್ಕೆ ಆಡಿಸಬೇಕು. ಗಿರಿಜೆ “ಅ” ಬರೆದು ಅಂಟಿಸಿದಳು. ಮೊದಲ ವಾರ ಅರ್ಧ ನಿಮಿಷಕ್ಕೇ ಹೊಟ್ಟೆ ತೊಳಸಿ ಬರುತ್ತಿತ್ತು. ಬಕೆಟ್ ಹಿಡಿದುಕೊಂಡು ನಾನು ಪಕ್ಕದಲ್ಲಿ ನಿಲ್ಲುತ್ತಿದ್ದೆ. “ಸಾಕು ಬಿಡು” ಅಂತ ಬಾಯಿಗೆ ಬಂದರೂ ನುಂಗಿಕೊಳ್ಳುತ್ತಿದ್ದೆ. ಸಾಕೋ ಇನ್ನೂ ಬೇಕೋ ಅನ್ನೋದು ಅವಳಿಗೆ ಗೊತ್ತು.

ಆಮೇಲೆ ನಡೆಯುತ್ತಾ ತಲೆ ತಿರುಗಿಸುವ ಪಾಠ ಬಂತು. ಅವಳು ಯಾದವಗಿರಿಗೇ ಹೋಗೋಣ ಅಂದಳು. ಮರದ ನೆರಳು, ಗಾಡಿ ಕಮ್ಮಿ, ಸ್ಕೂಲೂ ಆ ಕಡೆಯೇ. ಭಾನುವಾರ ಬೆಳಿಗ್ಗೆ ಅವಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಾ ತೂರಾಡಿಕೊಂಡು ನಡೆದರೆ ಜನ ನಿಂತು ನೋಡುತ್ತಿದ್ದರು. ಒಬ್ಬಳೇ ಯಾಕೆ ನೋಡಿಸಿಕೊಳ್ಳಬೇಕು ಅಂತ ನಾನೂ ಪಕ್ಕದಲ್ಲಿ ಹಾಗೇ ಕತ್ತು ಆಡಿಸಿಕೊಂಡು ನಡೆದೆ. ಒಂದು ಬಂಗಲೆಯ ಗೇಟಿನಲ್ಲಿ ಪೇಪರ್ ತೆಗೆಯುತ್ತಿದ್ದ ಹಿರಿಯರು, “ಯಾವ ಮನೆ ಹುಡುಕ್ತಿದೀರಿ?” ಅಂದರು. ಗಿರಿಜೆಗೆ ನಗು ಬಂದುಬಿಡ್ತು. ಎಷ್ಟೋ ತಿಂಗಳ ಮೇಲೆ ನಕ್ಕಳು. ನಗುತ್ತಾ ನನ್ನ ತೋಳು ಹಿಡಿದಳು, ಬೀಳದೆ ಇರೋಕೆ. ಈ ನಗುವಿನ ಮೂರು ತಿಂಗಳನ್ನ ತಿಂದುಹಾಕಿದವನು ನಾನೇ.

ಪೂರ್ತಿ ವಾಸಿಯಾಗಿದೆ ಅಂತ ಹೇಳಲಾರೆ. ಸುಸ್ತಾದ ದಿನ ಈಗಲೂ ಗೋಡೆ ಮುಟ್ಟುತ್ತಾಳೆ. ಆದರೆ ಜೂನಿನಲ್ಲಿ ಅರ್ಧ ದಿನದ ಕ್ಲಾಸಿಗೆ ಹೋದಳು. ಬೋರ್ಡಿನಿಂದ ತಿರುಗುವಾಗ ಮೊದಲು ಕಣ್ಣು, ಆಮೇಲೆ ತಲೆ, ಆಮೇಲೆ ಮೈ ಅಂತ ಮಕ್ಕಳಿಗೂ ಹೇಳಿಕೊಟ್ಟಿದಾಳಂತೆ. ಈಗ ಇಡೀ ಕ್ಲಾಸು ಹಾಗೇ ತಿರುಗುತ್ತಂತೆ. ಆ ಆಸ್ಪತ್ರೆಯವರಿಗೂ, ಕಾದ ಹೆಡ್ ಮೇಡಂಗೂ ನಾನು ಋಣಿ.

ಹೋದ ವಾರ ಮೂರನೇ ಸಲ ಅದೇ ಹಾಳೆ. ಗಿರಿಜೆ ತಾನೇ “ಇವರೂ ಒಳಗಿರ್ಲಿ ಮೇಡಂ” ಅಂದಳು. ನಾನು ತುಟಿ ಹೊಲಿದುಕೊಂಡವನ ಹಾಗೆ ಮೂಲೆಯ ಕುರ್ಚಿಯಲ್ಲಿ ಕೂತೆ. ಬಹಳಷ್ಟಕ್ಕೆ ಇಲ್ಲ, ಇಲ್ಲ, ಕೆಲವೊಮ್ಮೆ ಅಂದಳು. ಒಂದೊಂದು ಇಲ್ಲಕ್ಕೂ ನನಗೆ ಉಸಿರು ಹಗುರಾಗುತ್ತಿತ್ತು.

“ಈ ತೊಂದರೆಯಿಂದ ಮನೆಯವರ ಜೊತೆಗಿನ ಸಂಬಂಧಕ್ಕೆ ಪೆಟ್ಟು ಬಿದ್ದಿದೆಯಾ?”

ಗಿರಿಜೆ ನನ್ನ ಕಡೆ ತಿರುಗಿದಳು. ಮೊದಲು ಕಣ್ಣು, ಆಮೇಲೆ ತಲೆ. ನನ್ನನ್ನೇ ನೋಡಿಕೊಂಡು, ಒಂದಿಷ್ಟೂ ಅಳುಕದೆ ಹೇಳಿದಳು.

“ಹೌದು.”

ಆಡಿಯಾಲಜಿಸ್ಟಿನ ಪೆನ್ನು ಅಲ್ಲೇ ನಿಂತಿತು. ಅವಳೂ ನನ್ನ ಮುಖ ನೋಡಿದಳು.

“ಬರ್ಕೊಳ್ಳಿ ಮೇಡಂ,” ಅಂದೆ. “ಅವಳು ಹೇಳಿದ್ದು ನಿಜ.”

ಗಿರಿಜೆ ಮುಂದಿನ ಪ್ರಶ್ನೆಗೆ ಕಾಯುತ್ತಾ ನೆಟ್ಟಗೆ ಕೂತಿದ್ದಳು.