ಹದಿನೈದನೆಯ ಒಲೆ

ಕಡವಿನಕೊಪ್ಪದ ಹಾಲಮ್ಮನ ವಿಷಯ ಬರೆಯಬೇಕೆಂದರೆ ಮೊದಲು ನನ್ನ ತಪ್ಪು ಒಪ್ಪಿಕೊಳ್ಳಬೇಕು. ಅದು ನನಗೆ ಅಭ್ಯಾಸವಿಲ್ಲ. ಮೂವತ್ತು ವರ್ಷ ಗುಮಾಸ್ತಗಿರಿ ಮಾಡಿದವನ ಕಣ್ಣಿಗೆ ತಪ್ಪೆಲ್ಲ ಮೇಲಿನವರದ್ದು, ಇಲ್ಲವೇ ಕೆಳಗಿನವರದ್ದು.

೧೯೫೭ರಲ್ಲಿ ನಾನು ಶಿವಮೊಗ್ಗದ ಒಂದು ಸಣ್ಣ ಆಫೀಸಿನಲ್ಲಿದ್ದೆ. ಶಾಲೆ ಬೇಕೆಂದು ಅರ್ಜಿ ಹಾಕಿದ ಹಳ್ಳಿಗಳಿಗೆ ಹೋಗಿ, ಅಲ್ಲಿ ನಿಜವಾಗಿ ಜನ ಇದ್ದಾರೋ ಇಲ್ಲವೋ ನೋಡಿ ಬರುವುದು ನನ್ನ ಕೆಲಸ. ಹದಿನೈದು ಕುಟುಂಬವಿದ್ದರೆ ಶಾಲೆ, ಹದಿನಾಲ್ಕಿದ್ದರೆ ಇಲ್ಲ. ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಣ್ಣುವವರು ಎಷ್ಟೇ ಮಂದಿ ಇರಲಿ, ಒಂದು ಕುಟುಂಬ. ಒಲೆ ಬೇರೆಯಾದರೆ ಕುಟುಂಬ ಬೇರೆ. ಹಾಗಾಗಿ ನಾನು ತಲೆ ಎಣಿಸುತ್ತಿರಲಿಲ್ಲ, ಒಲೆ ಎಣಿಸುತ್ತಿದ್ದೆ.

ಫೆಬ್ರವರಿಯಲ್ಲಿ ಕಡವಿನಕೊಪ್ಪದ ಸರದಿ ಬಂತು. ಶಿವಮೊಗ್ಗದ ಹೊಸಮನೆ ಬಡಾವಣೆಯ ನನ್ನ ಮನೆಯಿಂದ ಕತ್ತಲಿರುವಾಗಲೇ ಹೊರಟು, ಭದ್ರಾವತಿಗೆ ಬಸ್ಸು, ಅಲ್ಲಿಂದ ಬಿದಿರು ತರಲು ಕಾಡಿಗೆ ಹೋಗುವ ಖಾಲಿ ಲಾರಿ, ಲಾರಿ ನಿಂತಲ್ಲಿಂದ ಆರು ಮೈಲಿ ನಡಿಗೆ. ಬಿಸಿಲು ನೆಲಕ್ಕೆ ಬೀಳದ ಕಾಡು. ಮೈಗೆಲ್ಲ ರಕ್ತ ಹೀರುವ ಉಣ್ಣಿ ಹುಳ ಹತ್ತಿಕೊಂಡು, ಹೊಳೆ ದಂಡೆಗೆ ಬರುವಷ್ಟರಲ್ಲಿ ನಾನು ಸರ್ಕಾರವನ್ನೂ ಅರ್ಜಿ ಹಾಕಿದವರನ್ನೂ ಬೈದು ಮುಗಿಸಿದ್ದೆ. ಆಚೆ ದಡದಲ್ಲಿ ದೋಣಿ, ದೋಣಿಯಲ್ಲಿ ಹಯಾತ್ ಸಾಬ. ಕೂಗಿದರೆ ಬರುವ ಆಸಾಮಿ ಅವನಲ್ಲ, ಬೀಡಿ ಮುಗಿದ ಮೇಲೆ ಬರುವವನು.

ಊರಿನ ಯಜಮಾನರು ಷಡಕ್ಷರಪ್ಪ, ಅರವತ್ತು ದಾಟಿದ ಗಂಭೀರ ಮನುಷ್ಯ. ಅವರ ಮನೆಯಲ್ಲಿ ಕಾಲಿಗೆ ನೀರು, ಬೆಲ್ಲ, ಆಮೇಲೆ ಊಟ. ಊರಿನವರೆಲ್ಲ ಅಲ್ಲೇ ಉಂಡರು. ಹಯಾತನ ಮನೆಯವರು ಕೂಡ ಜಗಲಿಯಲ್ಲಿ ಕೂತು ಉಂಡರು. ಅಕ್ಕಿ ರೊಟ್ಟಿ, ಮಿಡಿ ಉಪ್ಪಿನಕಾಯಿ, ಜೇನುತುಪ್ಪ. ಹೊರಗೆ ನೋಡಿದರೆ ಅಲ್ಲೊಂದು ಇಲ್ಲೊಂದು ಹುಲ್ಲಿನ ಸೂರು ಕಾಣುತ್ತಿತ್ತು, ಆದರೆ ಯಾವುದರಿಂದಲೂ ಹೊಗೆ ಏಳುತ್ತಿರಲಿಲ್ಲ.

"ಊರಲ್ಲಿ ಒಲೆ ಎಷ್ಟು ಯಜಮಾನ್ರೇ?" ಎಂದು ಕೇಳಿದೆ.

ಷಡಕ್ಷರಪ್ಪನವರು ನೆಟ್ಟಗೆ ಕೂತರು. "ಒಂದೇ ಒಲೆ ಸ್ವಾಮಿ. ನಮ್ಮಲ್ಲಿ ಬೇರೆ ಅನ್ನೋ ಮಾತೇ ಇಲ್ಲ."

"ಮತ್ತೆ ಆ ಮನೆಗಳು?"

"ಎಲ್ಲಾ ನಮ್ಮವೇ."

ಕಂಡದ್ದೂ ಹಾಗೆಯೇ ಇತ್ತು, ಕೇಳಿದ್ದೂ ಹಾಗೆಯೇ ಇತ್ತು. ಕತ್ತಲಾಗುವ ಮುಂಚೆ ಲಾರಿ ಹಿಡಿಯಬೇಕಿತ್ತು. 'ಒಂದೇ ಅವಿಭಕ್ತ ಕುಟುಂಬ, ಒಲೆ ಒಂದು' ಎಂದು ಬರೆದುಕೊಂಡು ಬಂದೆ. ಶಾಲೆ ಮಂಜೂರಾಗುವುದಿಲ್ಲವೆಂಬ ಕಾಗದವನ್ನೂ ನನ್ನ ಕೈಯಲ್ಲೇ ಬರೆದು ಅಂಚೆಗೆ ಹಾಕಿದೆ.

ಮಾರ್ಚ್ ಕೊನೆಯಲ್ಲಿ ಒಬ್ಬ ಹೆಂಗಸು ಆಫೀಸಿನ ಬಾಗಿಲಲ್ಲಿ ಬಂದು ನಿಂತಳು. ಕಾಲೆಲ್ಲ ಧೂಳು, ಕಂಕುಳಲ್ಲಿ ಖಾಲಿ ಚೀಲ. ಬಸ್ಸಿನ ಖರ್ಚಿಗೆಂದು ಸೀಗೆಕಾಯಿ ತಂದು ಸಂತೆಯಲ್ಲಿ ಮಾರಿ ಬಂದಿದ್ದಳು. ಅವಳೇ ಹಾಲಮ್ಮ, ಷಡಕ್ಷರಪ್ಪನವರ ತೀರಿಹೋದ ತಮ್ಮನ ಹೆಂಡತಿ. ಗಂಡ ಬಿದಿರು ಕಡಿಯಲು ಹೋಗಿ ಆನೆಗೆ ಸಿಕ್ಕಿದ್ದ. ಅಂದಿನಿಂದ ಭಾವನ ಮನೆಯಲ್ಲೇ ಮಗಳೊಡನೆ ಇದ್ದಳು.

"ನಮ್ಮೂರಿಗೆ ಬಂದು ಹೊಟ್ಟೆ ತುಂಬಾ ಉಂಡು, ಊರೇ ಇಲ್ಲ ಅಂತ ಬರೆದೋರು ನೀವೇ ಏನ್ರಿ?" ಎಂದು ಎಲ್ಲರೆದುರು ಕೇಳಿದಳು. ಪಕ್ಕದ ಮೇಜಿನವನು ಕಿಸಕ್ಕೆಂದ. ನನಗೆ ಮೈ ಉರಿಯಿತು. ಊರಿಗೆಲ್ಲ ಒಂದೇ ಒಲೆಯೆಂದು ನಿಮ್ಮ ಭಾವನೇ ಹೇಳಿದ್ದಲ್ಲವೇ ಎಂದು ಗದರಿದೆ.

"ಅಯ್ಯೋ ಮಾರಾಯ್ರಾ! ಹೊಳೆ ದಾಟಿ ನೆಂಟ್ರು ಬಂದ ದಿನ ನಮ್ಮಲ್ಲಿ ಯಜಮಾನ್ರ ಮನೇಲಿ ಮಾತ್ರ ಒಲೆ ಹಚ್ಚೋದು. ಮಿಕ್ಕೋರು ಒಲೆ ಆರಿಸಿ ಅಲ್ಲೇ ಬಂದು ಉಣ್ಣಬೇಕು. ನೆಂಟ್ರು ಬಂದಾಗ ಬೇರೆ ಬೇಯಿಸ್ಕೊಂಡ್ರೆ ಮರ್ಯಾದೆ ಹೋಯ್ತು ಅಂತ. ನೀವು ನೆಂಟ್ರಲ್ವಾ? ಮರ್ಯಾದೆ ಮಾಡಿದ್ರೆ ಊರನ್ನೇ ಅಳಿಸಿ ಹಾಕಿದ್ರಲ್ಲ!"

ನಿಮಗೆ ಶಾಲೆಯ ಮೇಲೆ ಇಷ್ಟೇಕೆ ಹಟವೆಂದು ಕೇಳಿದೆ. ಆಗ ಅವಳು ನೆಲದ ಮೇಲೆ ಕೂತಳು. ಗಂಡ ಸತ್ತ ವರ್ಷ ಮಗ ಕೊಟ್ರನನ್ನು ಭದ್ರಾವತಿಗೆ, ಕಾರ್ಖಾನೆಯಲ್ಲಿದ್ದ ತನ್ನ ಅಣ್ಣನ ಮನೆಗೆ ಓದಲು ಕಳಿಸಿದ್ದಳು. ಮಳೆಗಾಲದ ನಾಲ್ಕು ತಿಂಗಳು ಹೊಳೆ ದಾಟುವಂತಿಲ್ಲ. ಉಳಿದ ತಿಂಗಳಲ್ಲಿ ಶಾಲೆ ಬಿಟ್ಟು ಬರುವಂತಿಲ್ಲ, ಬೇಸಿಗೆ ರಜೆಯಲ್ಲಿ ಕಾಡು ದಾಟಿಸಿ ಕರೆತರುವವರಿಲ್ಲ. ಹುಡುಗ ಊರಿಗೆ ಬಂದದ್ದು ನಾಲ್ಕು ವರ್ಷದ ಮೇಲೆ, ಹೋದ ದೀಪಾವಳಿಗೆ.

"ಅವತ್ತೂ ಊರೋರೆಲ್ಲ ಒಲೆ ಆರಿಸಿ ಬಂದ್ರು ಸ್ವಾಮಿ. ನನ್ನ ಮಗನಿಗೆ! ನೆಂಟನಿಗೆ ಬಡಿಸೋ ಹಾಗೆ ಬಡಿಸಿದ್ರು. ಅವನೂ ನೆಂಟನ ಹಾಗೇ ಉಂಡು, ಎರಡು ದಿನ ಇದ್ದು ಹೋದ. ಈಗ ಜೂನಿಗೆ ಮಗಳನ್ನೂ ಕಳಿಸು ಅಂತಾರೆ ಭಾವ. ಒಂಬತ್ತು ವರ್ಷದ ಹುಡುಗಿ, ಪುಟ್ಟಲಕ್ಷ್ಮಿ. ಕಳಿಸದೆ ಇದ್ರೆ ಅವಳಿಗೂ ನನ್ನ ಹಾಗೇ ಅಕ್ಷರ ಇಲ್ಲ. ಕಳಿಸಿದ್ರೆ ಅವಳೂ ನೆಂಟಳಾಗ್ತಾಳೆ. ನಾನೇನು ಮಾಡ್ಲಿ ಹೇಳಿ?"

ನನಗೂ ಮಕ್ಕಳಿದ್ದರು. ಸಾಹೇಬರ ಹತ್ತಿರ ಹೋಗಿ, ಬೈಸಿಕೊಂಡು, ಮತ್ತೊಮ್ಮೆ ಎಣಿಸಲು ಅಪ್ಪಣೆ ತಂದೆ. ಈ ಸಲ ಒಂದೊಂದು ಒಲೆಗೂ ಹೆಸರು ಬರೆದು, ಯಜಮಾನರ ಹೆಬ್ಬೆಟ್ಟು ಒತ್ತಿಸಿ ತರಬೇಕೆಂದರು.

ಮೇ ತಿಂಗಳಲ್ಲಿ ಮತ್ತೆ ಹೋದೆ. ಮಳೆಗಾಲಕ್ಕೆ ಉಪ್ಪು, ಸೀಮೆಎಣ್ಣೆ ತುಂಬಿಡುವ ಕಾಲ. ಹಯಾತನ ದೋಣಿಯಲ್ಲಿ ಡಬ್ಬಗಳ ನಡುವೆ ನನಗೂ ಒಂದು ಜಾಗ ಸಿಕ್ಕಿತು. ದಾರಿಯಲ್ಲಿ ಅವನು ಊರಿನ ಕಥೆಯನ್ನೆಲ್ಲ ಹೇಳಿದ. ಗದ್ದೆ ಇದ್ದದ್ದು ಅಷ್ಟರಲ್ಲೇ. ಗಂಡಸರು ಬಿದಿರು ಕಡಿದು ಬದುಕಬೇಕು, ಮೈಯಲ್ಲಿ ಶಕ್ತಿ ಇರುವವರೆಗೆ. ಗಟ್ಟಿಗ ಹುಡುಗರು ಲಾರಿ ಹತ್ತಿ ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿದ್ದರು, ಹೋದವರು ವಾಪಸು ಬರುತ್ತಿರಲಿಲ್ಲ. ಹೆಣ್ಣುಮಕ್ಕಳನ್ನು ಇಂಥದೇ ಇನ್ನೊಂದು ಊರಿಗೆ ಕೊಡುತ್ತಿದ್ದರು.

"ಇಸ್ಕೂಲ್ ಬಂದ್ರೆ ನಾಲ್ಕು ಮನೆ ಆದ್ರೂ ಉಳೀತದೆ ಸಾಬ್. ಇಲ್ದಿದ್ರೆ ಇನ್ನು ಹತ್ತು ವರ್ಷಕ್ಕೆ ನನ್ನ ದೋಣಿಗೆ ಗಿರಾಕೀನೇ ಇರಲ್ಲ" ಎಂದ.

ಎಣಿಸುವುದು ಒಲೆಯನ್ನೆಂದು ಹಾಲಮ್ಮನಿಂದ ಊರಿಗೆ ತಿಳಿದಿತ್ತು; ಅಂದು ಊರಿನ ಸೂರುಗಳಿಂದೆಲ್ಲ ಹೊಗೆ ಏಳುತ್ತಿತ್ತು. ಷಡಕ್ಷರಪ್ಪನವರು ನನ್ನ ಮುಖ ನೋಡಿ ಮಾತಾಡಲಿಲ್ಲ. ನೆಂಟ ಬಂದ ದಿನ ಊರು ಬೇರೆ ಬೇರೆ ಬೇಯಿಸಿಕೊಳ್ಳುವುದನ್ನು ಅವರು ಹುಟ್ಟಿದ ಮೇಲೆ ಕಂಡಿರಲಿಲ್ಲ. ನಾನು ಮನೆ ಮನೆ ಹೊಕ್ಕು ಹೆಸರು ಬರೆದೆ. ಹಯಾತನ ಮನೆಯೂ ಸೇರಿ ಹದಿನಾಲ್ಕು. ಎರಡು ಸಲ ಎಣಿಸಿದರೂ ಅಷ್ಟೇ.

"ಹೋದ ತಿಂಗಳವರೆಗೆ ಹದಿನೈದು ಇತ್ತು" ಎಂದರು ಷಡಕ್ಷರಪ್ಪ. "ಒಂದು ಮನೆಯೋರು ಭದ್ರಾವತಿಗೆ ಹೋದ್ರು."

ಪಟ್ಟಿ ಮಡಚಿ ಜೇಬಿಗಿಟ್ಟುಕೊಂಡೆ. ಬಾಗಿಲ ಮರೆಯಲ್ಲಿ ನಿಂತಿದ್ದ ಹಾಲಮ್ಮ ಒಳಗೆ ಹೋದವಳು, ಒಂದು ಮಡಕೆ ಹಿಡಿದು, ಸೆರಗಿನಲ್ಲಿ ಒಂದಿಷ್ಟು ಅಕ್ಕಿ ಕಟ್ಟಿಕೊಂಡು ಹೊರಬಂದಳು. ಕೊಟ್ಟಿಗೆಗೆ ತಾಗಿದ ಮಾಡಿನ ಕೆಳಗೆ ಮೂರು ಕಲ್ಲು ಹೂಡಿದಳು. ಹಯಾತನ ಮನೆಯಿಂದ ಕೆಂಡ ತಂದು ಬೆಂಕಿ ಮಾಡಿದಳು. ಪುಟ್ಟಲಕ್ಷ್ಮಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

"ಏನಮ್ಮ ಇದು?" ಎಂದರು ಷಡಕ್ಷರಪ್ಪ.

ಭಾವನೆದುರು ಮಾತಾಡುವ ರೂಢಿ ಅವಳಿಗಿರಲಿಲ್ಲ. ನನ್ನ ಕಡೆ ತಿರುಗಿ ಹೇಳಿದಳು: "ಬರ್ಕೊಳಿ ಸ್ವಾಮಿ. ಹಾಲಮ್ಮ, ಒಲೆ ಬೇರೆ."

ಅವಳಿಗೆ ಭಾವನ ಮೇಲೆ ಸಿಟ್ಟಿರಲಿಲ್ಲ. ನಾಲ್ಕು ವರ್ಷ ಅನ್ನ ಹಾಕಿದ ಮನೆ. ಅಲ್ಲಿಂದ ವಿಧವೆ ಹೊರಬಿದ್ದು ಒಲೆ ಹೂಡಿದರೆ, ಅನ್ನ ಹಾಕಲಿಲ್ಲವೆಂದು ಊರಿಗೆಲ್ಲ ಸಾರಿದಂತೆ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಯಜಮಾನರನ್ನು ಕೇಳಲೇಬೇಕಿತ್ತು: "ಬೇರೆ ತಾನೇ?"

ಅವರು ಮೂರು ಕಲ್ಲಿನ ಆ ಒಲೆಯ ಕಡೆ ನೋಡಿದರು. ಆಮೇಲೆ "ಹೂಂ, ಬೇರೆ" ಎಂದು ಹೆಬ್ಬೆಟ್ಟು ಒತ್ತಿ ಒಳಗೆ ಹೋದರು.

ಅಷ್ಟಕ್ಕೇ ಸುಮ್ಮನೆ ಬರಬಹುದಿತ್ತು. ಆದರೆ ಶಾಲೆಗಾಗಿ ಒಲೆಯ ನಾಟಕ ಆಡಿದ್ದಾರೆಂದು ಸಾಹೇಬರು ಹೇಳಿದರೆ ನನ್ನ ಗತಿಯೇನು ಎಂಬ ಭಯ ಒಳಗಿತ್ತು. ಗತ್ತಿನಿಂದ ಹೇಳಿದೆ: "ನೋಡಮ್ಮ, ಮತ್ತೆ ಎಣಿಸೋಕೆ ಬರ್ತೀವಿ. ಯಾವಾಗ ಅಂತ ಹೇಳಲ್ಲ. ಒಂದು ಒಲೆ ಕಮ್ಮಿಯಾದ್ರೂ ಶಾಲೆ ಎತ್ತಿಬಿಡ್ತಾರೆ."

ಜೂನ್ ಮೊದಲ ವಾರ, ಹೊಳೆ ತುಂಬುವ ಮುಂಚೆ, ಯಜ್ಞನಾರಾಯಣ ಎಂಬ ಮೇಷ್ಟ್ರು ಕರಿಹಲಗೆ ಸಮೇತ ದೋಣಿ ಹತ್ತಿದರು. ಶಾಲೆಗೆ ಷಡಕ್ಷರಪ್ಪನವರೇ ತಮ್ಮ ಜಗಲಿ ಬಿಟ್ಟುಕೊಟ್ಟರಂತೆ. ಆ ಫೈಲನ್ನು ಕಟ್ಟಿ ಅಟ್ಟಕ್ಕೆ ಹಾಕಿದವನು ನಾನೇ. ಹೊಳೆ ದಾಟಿ ಉಣ್ಣಿ ಹತ್ತಿಸಿಕೊಂಡು ಎಣಿಸಿ ಬರಲು ಯಾರಿಗೆ ಬೇಕಾಗಿತ್ತು? ಫೈಲನ್ನು ಮತ್ತೆ ಯಾರೂ ಬಿಚ್ಚಲಿಲ್ಲ. ನಾನೂ ಮರೆತೆ.

೧೯೬೫ರಲ್ಲಿ ನನಗೆ ಭದ್ರಾವತಿಗೆ ವರ್ಗವಾಗಿತ್ತು. ಒಂದು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ, "ಎಣಿಸೋ ಸ್ವಾಮಿಗಳಲ್ವಾ?" ಎಂದು ಯಾರೋ ಕೂಗಿದರು. ಹಾಲಮ್ಮ. ಕೂದಲು ಬೆಳ್ಳಗಾಗಿತ್ತು. ಜೊತೆಗೆ ಎತ್ತರದ ಹುಡುಗಿ, ಕೈಯಲ್ಲಿ ಟ್ರಂಕು. ಪುಟ್ಟಲಕ್ಷ್ಮಿ ಊರಿನಲ್ಲೇ ಇದ್ದು ಏಳನೇ ತರಗತಿ ಮುಗಿಸಿದ್ದಳು. ಈಗ ಶಿವಮೊಗ್ಗಕ್ಕೆ ದಾದಿ ತರಬೇತಿಗೆ ಹೊರಟಿದ್ದಳು. ಮುಗಿಸಿ ಹೊಳೆ ಆಚೆಯ ಊರುಗಳಿಗೇ ಹಾಕಿಸಿಕೊಳ್ಳುತ್ತೇನೆಂದು ಗಟ್ಟಿಯಾಗಿ ಹೇಳಿದಳು. ನನಗೆ ನಿಜಕ್ಕೂ ಸಂತೋಷವಾಯಿತು. ಇಬ್ಬರಿಗೂ ಕಾಫಿ ಕೊಡಿಸಿದೆ.

"ಯಜಮಾನ್ರು ಹೇಗಿದ್ದಾರೆ? ಮತ್ತೆ ಎಲ್ಲ ಒಂದಾದ್ರಿ ತಾನೇ?"

"ಭಾವ ಹೋದ ವರ್ಷ ತೀರ್ಕೊಂಡ್ರು. ವರ್ಷಾ ವರ್ಷಾ ಕರೆದ್ರು ಸ್ವಾಮಿ, ಬಾರಮ್ಮ, ಒಂದೇ ಕಡೆ ಉಣ್ಣೋಣ ಅಂತ. ಹಾಸಿಗೆ ಹಿಡಿದಾಗಲೂ ಕರೆದ್ರು, ನಿನ್ನ ಕೈಯ ಗಂಜಿ ಕುಡೀತೀನಿ ಅಂತ. ನನ್ನ ಒಲೇಲಿ ಮಾಡ್ಕೊಂಡು ಹೋಗಿ ಕೊಟ್ಟು ಬರ್ತಿದ್ದೆ. ಒಟ್ಟಿಗೆ ಕೂತು ಉಣ್ಲಿಲ್ಲ."

"ಯಾಕಮ್ಮ?"

"ನೀವು ಎಣಿಸೋಕೆ ಬರ್ತೀನಿ ಅಂದಿದ್ರಲ್ಲ. ಯಾವತ್ತು ಅಂತ ಹೇಳಿರ್ಲಿಲ್ಲ. ಅವತ್ತೇ ಒಲೆ ಆರಿದ್ರೆ?"

ಎಂಟು ವರ್ಷ. ಸುಳ್ಳು ಹೇಳಲಾಗಲಿಲ್ಲ. "ಯಾರೂ ಬರ್ತಿರ್ಲಿಲ್ಲ ಹಾಲಮ್ಮ. ಆ ಪಟ್ಟೀನ ಆಮೇಲೆ ಯಾರೂ ಮುಟ್ಟೇ ಇಲ್ಲ. ನಾನು ಸುಮ್ನೆ ಹೆದರ್ಸಿದ್ದು."

ಅವಳು ಬೈಯಬಹುದೆಂದು ಕಾದೆ. ಬಸ್ಸು ಬಂದು ನಿಂತಿತು, ಹುಡುಗಿ ಟ್ರಂಕು ಎತ್ತಿಕೊಂಡಳು. ಹಾಲಮ್ಮ ಕಾಫಿ ಲೋಟ ಕೆಳಗಿಟ್ಟಳು.

"ಒಂದು ಕಾರ್ಡು ಹಾಕಿದ್ರೆ ಆಗ್ತಿತ್ತಲ್ಲ ಸ್ವಾಮಿ" ಎಂದಳು. "ಓದಿ ಹೇಳೋಕೆ ಮನೇಲಿ ಮಗಳಿದ್ಲು."