ಹೆಜ್ಜಾರ್ಲೆಯ ಎಡಗಾಲ ಬೂಟು

"ಇಪ್ಪತ್ತಾರು ವರ್ಷದಲ್ಲಿ ಎಲ್ಲೆಲ್ಲಿಂದ ಬಿದ್ದಿದ್ದೀನಿ ಅನ್ನೋದಕ್ಕೆ ದೇವರ ಹತ್ರಾನೂ ಲೆಕ್ಕ ಇಲ್ಲ. ಆದ್ರೆ ಒಂದು ಮಾತು. ಬಿದ್ದು ಎದ್ದಾಗ ಮೈಮೇಲಿನ ಒಂದು ಗುಂಡಿ ಕೂಡ ಕಳ್ಕೊಂಡವನಲ್ಲ ನಾನು."

ಕ್ಯಾಲಿಫೋರ್ನಿಯದ ಸಿನಿಮಾ ಊರು ಬರ್ಬ್ಯಾಂಕಿನಲ್ಲಿ ಓರ್ವಿಲ್‌ನ ಕಾಫಿ ಅಂಗಡಿಗೆ ಹೊಸಬರು ಯಾರೇ ಕಾಲಿಟ್ಟರೂ, ಬಾಗಿಲಿನಿಂದ ಮೂರನೆಯ ಸ್ಟೂಲಿನ ಮೇಲಿಂದ ಡೆಲ್ಬರ್ಟ್ ಟಗಲ್ ಈ ಮಾತನ್ನು ಹೇಳುತ್ತಿದ್ದ. ಹೊಸಬರು ಬಾರದ ದಿನ ತಟ್ಟೆಯಲ್ಲಿದ್ದ ಪ್ಯಾನ್‌ಕೇಕಿಗೆ ಹೇಳುತ್ತಿದ್ದ. ನಾಯಕ ನಟರು ಬೀಳಬೇಕಾದ ಕಡೆ ಅವರ ಬದಲು ಬೀಳುವುದು ಅವನ ಕಸುಬು. ಕುದುರೆಯಿಂದ, ರೈಲಿನಿಂದ, ಗಾಳಿಗಿರಣಿಯಿಂದ, ಹಡಗಿನ ಕಂಬದಿಂದ, ಒಮ್ಮೆ ಸ್ನಾನದ ತೊಟ್ಟಿಯ ಸಮೇತ ಸೇತುವೆಯಿಂದ ಬಿದ್ದಿದ್ದ. ಎಷ್ಟು ಹಗುರವಾಗಿ ಬೀಳುತ್ತಿದ್ದನೆಂದರೆ ಅಕ್ಕಪಕ್ಕದ ಬೆಕ್ಕುಗಳು ತಮ್ಮ ಮರಿಗಳನ್ನು ಕಚ್ಚಿಕೊಂಡು ಬಂದು ಬೇಲಿಯ ಮೇಲೆ ಸಾಲಾಗಿ ಕೂರಿಸಿ ತೋರಿಸುತ್ತಿದ್ದವು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆಯನ್ನು ಡೆಲ್ ಕೇಳಿರಲಿಲ್ಲ. ಕೇಳಿದ್ದರೆ ತನ್ನನ್ನು ನೋಡಿಯೇ ಕಟ್ಟಿದ್ದಾರೆ ಅಂದುಕೊಳ್ಳುತ್ತಿದ್ದ.

ಎಪ್ಪತ್ನಾಲ್ಕನೇ ಇಸವಿಯ ಏಪ್ರಿಲ್ ತಿಂಗಳವರೆಗೆ ಆ ಮಾತು ಸುಳ್ಳೂ ಆಗಿರಲಿಲ್ಲ.

ಆ ವರ್ಷ ಪ್ರೂಯಿಟ್ ಎಂಬ ನಿರ್ಮಾಪಕ ಟಿವಿಗಾಗಿ ಒಂದು ಮಹಾವೀರನ ಚಿತ್ರ ತೆಗೆಯಲು ಹೊರಟ. ಹದ್ದು, ಗಿಡುಗ, ಗೂಬೆ, ಬಾವಲಿ, ಎಲ್ಲವನ್ನೂ ಬೇರೆಯವರು ಮೊದಲೇ ಹಿಡಿದು ಮೈಗೆ ಹಾಕಿಕೊಂಡಾಗಿತ್ತು. ರೆಕ್ಕೆಯಿರುವ ಪೈಕಿ ಉಳಿದದ್ದು ಕೋಳಿ ಮತ್ತು ಹೆಜ್ಜಾರ್ಲೆ. ಪ್ರೂಯಿಟ್ ಎರಡು ದಿನ ಯೋಚಿಸಿ ಹೆಜ್ಜಾರ್ಲೆಯನ್ನು ಆರಿಸಿದ. ಹೀಗೆ ಕ್ಯಾಪ್ಟನ್ ಹೆಜ್ಜಾರ್ಲೆ ಹುಟ್ಟಿದ. ನೀಲಿ ಬಿಗಿ ಉಡುಪು, ತೋಳಿಗೆ ರೆಕ್ಕೆ, ಕಣ್ಣಿಗೆ ಮುಖವಾಡ, ಗದ್ದದ ಕೆಳಗೆ ಹಳದಿ ಚೀಲ. ಅಪಾಯ ಬಂದಾಗ ಆ ಚೀಲದೊಳಗೆ ಕೈಹಾಕಿ ಹಗ್ಗವನ್ನೋ ಹೊಗೆಗುಂಡನ್ನೋ ತೆಗೆಯುತ್ತಿದ್ದ. ಖಳನ ಮರಣಕಿರಣದ ಯಂತ್ರ ಪ್ರೂಯಿಟ್‌ನ ಹೆಂಡತಿ ಕೂದಲು ಒಣಗಿಸಿಕೊಳ್ಳುವ ಟೋಪಿ, ಬೆಳ್ಳಿ ಬಣ್ಣ ಬಳಿದದ್ದು. ಕೂದಲು ತೊಳೆದ ದಿನ ಆಕೆ ಅದನ್ನು ಮನೆಗೆ ತರಿಸಿಕೊಳ್ಳುತ್ತಿದ್ದಳು. ಆ ದಿನ ಜಗತ್ತಿಗೆ ಅಪಾಯವಿರುತ್ತಿರಲಿಲ್ಲ.

ಇಷ್ಟು ಕೈಬಿಗಿ ಇದ್ದಮೇಲೆ ಎರಡು ಉಡುಪು ಎಲ್ಲಿಂದ ಬಂದೀತು? ಇದ್ದದ್ದು ಒಂದೇ. ಬೆಳಗ್ಗೆ ಹತ್ತರವರೆಗೆ ಅದು ನಾಯಕ ಬ್ರೆಟ್ ಡೊರೆನ್‌ನ ಮೈಮೇಲೆ, ಆಮೇಲೆ ಡೆಲ್ ಮೈಮೇಲೆ. ಬ್ರೆಟ್ ದೀಪದ ಕಂಬದಷ್ಟು ಉದ್ದ. ಅವನ ಬೂಟು ಹದಿಮೂರನೇ ನಂಬರ್, ಡೆಲ್‌ನದು ಒಂಬತ್ತು. ಉಡುಪು ನೋಡಿಕೊಳ್ಳುವ ಅರಾಕ್ಸಿ, ಬೇರೂತಿನಿಂದ ಬಂದ ಆರ್ಮೇನಿಯದ ಹೆಂಗಸು, ಬ್ರೆಟ್‌ನ ಬೆವರಿನಲ್ಲಿ ತೊಯ್ದ ಬಟ್ಟೆಯನ್ನು ಡೆಲ್‌ಗೆ ತೊಡಿಸುತ್ತ ಬೂಟಿನ ತುದಿಗೆ ದಿನಪತ್ರಿಕೆ ತುರುಕಿದಳು. ಆಮೇಲೆ ಒಂದು ದಪ್ಪ ದಾರ ತೆಗೆದಳು. ಬೇಕಾದವರ ಹೆಸರಿನ ಮುಂದೆಲ್ಲ ಆಕೆ 'ಜಾನ್' ಸೇರಿಸುತ್ತಿದ್ದಳು, ಅವಳ ಭಾಷೆಯಲ್ಲಿ 'ಪ್ರಾಣ' ಎಂದರ್ಥ.

"ಡೆಲ್ಬರ್ಟ್ ಜಾನ್, ಕಾಲು ಕೊಡು. ಹಿಮ್ಮಡಿಗೆ ಕಟ್ತೀನಿ."

"ಬೇಡ ಅರಾಕ್ಸಿ. ದಾರ ಕಾಣುತ್ತೆ."

"ಆರನೇ ಮಹಡಿ ಮೇಲೆ ನಿನ್ನ ಹಿಮ್ಮಡಿ ನೋಡೋಕೆ ಯಾರು ಬರ್ತಾರೆ?"

"ಬಿದ್ದು ಎದ್ದಾಗ ಒಂದು ಗುಂಡಿ ಕೂಡ..."

"ಗೊತ್ತು, ಗೊತ್ತು," ಅಂದಳು ಅರಾಕ್ಸಿ, ದಾರವನ್ನು ಬಾಯಲ್ಲಿ ಕಚ್ಚಿಕೊಂಡು. "ಈ ಬೂಟಿಗೆ ಗುಂಡಿ ಇಲ್ಲ. ಅದೇ ಹೆದರಿಕೆ."

ಡೆಲ್ ಕಟ್ಟಿಸಿಕೊಳ್ಳಲಿಲ್ಲ. ಹೆಮ್ಮೆ ಅನ್ನುವುದು ಮನುಷ್ಯನಿಗೆ ಒಂದು ನಂಬರ್ ದೊಡ್ಡದಿದ್ದರೆ ಪರವಾಗಿಲ್ಲ. ಅವತ್ತು ನಾಲ್ಕು ನಂಬರ್ ದೊಡ್ಡದಿತ್ತು.

ಬಿದ್ದದ್ದು ಚಿತ್ರದಂತೆಯೇ ಇತ್ತು. ಆರನೇ ಮಹಡಿಯ ಅಂಚಿನಿಂದ ಹಾರಿ, ರೆಕ್ಕೆ ಬಿಡಿಸಿ, ಬೆನ್ನು ತಿರುಗಿಸಿ, ಐದನೇ ಮಹಡಿ ದಾಟಿದ. ನಾಲ್ಕನೆಯದರ ಹತ್ತಿರ ಎಡಗಾಲ ಬೂಟು ಕಾಲಿಗೆ ವಿದಾಯ ಹೇಳಿ ತನ್ನ ದಾರಿ ತಾನು ಹಿಡಿಯಿತು. ಜೊತೆಗೆ ಹಳೆಯ ಪತ್ರಿಕೆಯ ಉಂಡೆಯೂ ಹಾರಿತು. ಕಾಲ್ಚೀಲದ ತೂತಿನಿಂದ ಹೆಬ್ಬೆರಳು ಹೊರಬಂದು ಕ್ಯಾಲಿಫೋರ್ನಿಯದ ಬಿಸಿಲನ್ನು ನೋಡಿತು. ಅಲ್ಲಿಂದ ಕೆಳಗೆ ನೆಲದ ಗಾಳಿಹಾಸಿಗೆ ಕಂಡುಬಿಡುತ್ತದೆಂದು ಎರಡನೇ ಮಹಡಿಯ ಹತ್ತಿರ ಕ್ಯಾಮೆರಾ ನಿಲ್ಲಿಸಿದರು.

ಡೆಲ್ ಹಾಸಿಗೆಯಿಂದ ಇಳಿದವನೇ ಒಂಟಿ ಬೂಟಿನಲ್ಲಿ ಕುಂಟುತ್ತ ಪ್ರೂಯಿಟ್ ಹತ್ತಿರ ಓಡಿದ.

"ಇನ್ನೊಂದ್ಸಲ ಬೀಳ್ತೀನಿ, ಪ್ರೂಯಿಟ್ ಸಾಹೇಬ್ರೆ. ಕಟ್ಕೊಂಡು ಬೀಳ್ತೀನಿ."

"ಹಾಸಿಗೆ ಮಧ್ಯಾಹ್ನದೊಳಗೆ ಬೇರೆ ಕಂಪನಿಗೆ ಹೋಗ್ಬೇಕು ಡೆಲ್. ನೋಡು, ಗಾಳಿ ಬಿಡ್ತಾ ಇದ್ದಾರೆ."

"ಹಾಸಿಗೆ ಇಲ್ದೆ ಬೀಳ್ತೀನಿ."

ಪ್ರೂಯಿಟ್ ಅದನ್ನು ನಿಜವಾಗಿಯೂ ಯೋಚಿಸಿದ. "ಬೇಡ. ಸೂಟ್ ಹಾಳಾಗುತ್ತೆ. ಇರೋದು ಒಂದೇ." ಆಮೇಲೆ ಡೆಲ್‌ನ ಹೆಗಲು ತಟ್ಟಿದ. "ಎರಡು ಸೆಕೆಂಡ್ ಮಾತು. ಯಾರೂ ಗಮನಿಸಲ್ಲ."

ಶನಿವಾರ ಸಂಜೆ ಚಿತ್ರ ಟಿವಿಯಲ್ಲಿ ಬಂತು. ಹೆಜ್ಜಾರ್ಲೆ ಬಿದ್ದು ಮೂರು ನಿಮಿಷವಾಗಿರಲಿಲ್ಲ, ಬೇಕರ್ಸ್‌ಫೀಲ್ಡಿನಿಂದ ಅತ್ತೆಯ ಫೋನು. ಡೆಲ್‌ನ ಹೆಂಡತಿ ಲೂಎಲ್ಲಾ ಕೇಳಿಸಿಕೊಂಡಳು, ಹೂಂಗುಟ್ಟಿದಳು, ಇಟ್ಟಳು.

"ಅಮ್ಮ ನಿನ್ನ ಗುರುತು ಹಿಡಿದ್ಲು."

"ಮುಖವಾಡ ಇತ್ತಲ್ಲ?"

"ಹೆಬ್ಬೆರಳಿಗೆ ಇರ್ಲಿಲ್ಲ. ಕುದುರೆ ತುಳಿದು ಸೊಟ್ಟಗಾದ ಉಗುರು ಈ ದೇಶದಲ್ಲಿ ಇನ್ನೆಷ್ಟು ಜನಕ್ಕಿದೆ? ನಂಗೆ ಗಂಡನ ಕಾಲ್ಚೀಲ ಹೊಲಿಯೋಕೂ ಬರಲ್ಲ ಅಂತ ಊರೆಲ್ಲ ಆಡ್ಕೊಳ್ತಿದೆಯಂತೆ." ಆಮೇಲೆ ದನಿ ತಗ್ಗಿಸಿ, "ಹೋಗ್ಲಿ ಬಿಡು. ಒಂದ್ಸಲ ಬಂತು, ಹೋಯ್ತು," ಅಂದಳು.

ಒಂದು ಸಲಕ್ಕೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಕ್ಯಾಪ್ಟನ್ ಹೆಜ್ಜಾರ್ಲೆಯನ್ನು ಜನ ಅಷ್ಟೇನೂ ಮೆಚ್ಚಲಿಲ್ಲ, ಬೈಯಲೂ ಇಲ್ಲ. ಆದ್ದರಿಂದ ವರ್ಷಕ್ಕೊಂದು ಚಿತ್ರ ಬರತೊಡಗಿತು. ಒಮ್ಮೆ ಬಿದ್ದದ್ದು ಫಿಲ್ಮಿನಲ್ಲಿ ಇದ್ದಮೇಲೆ ಮತ್ತೆ ಬೀಳಿಸುವುದೇಕೆ ಅಂದ ಪ್ರೂಯಿಟ್. ಎರಡನೆಯ ಚಿತ್ರದಲ್ಲಿ ಅದೇ ಡೆಲ್, ಅದೇ ಬೂಟು. ಮೂರನೆಯದರಲ್ಲಿ ಫಿಲ್ಮನ್ನು ಮಗುಚಿ ಹಾಕಿದರು, ಬಲಗಾಲ ಬೂಟು ಕಳಚಿತು. ನಾಲ್ಕನೆಯದರಲ್ಲಿ ಹಿಂದುಮುಂದಾಗಿ ಓಡಿಸಿದರು. ಹೆಜ್ಜಾರ್ಲೆ ಕೆಳಗಿನಿಂದ ಮೇಲಕ್ಕೆ ಹಾರಿದ, ಬೂಟು ಅವನನ್ನು ಅಟ್ಟಿಸಿಕೊಂಡು ಹೋಗಿ ತಾನಾಗಿ ಕಾಲಿಗೆ ಸೇರಿತು. ಬೂಟನ್ನು ಕರೆದರೆ ಬರುವ ಶಕ್ತಿ ಕ್ಯಾಪ್ಟನ್‌ಗಿದೆ ಎಂದು ದೇಶದ ಮಕ್ಕಳೆಲ್ಲ ನಂಬಿದರು. ಎಲ್ಲಕ್ಕೂ ಮೇಲಾಗಿ ಚಿತ್ರದ ಹೆಸರು ತೋರಿಸುವಾಗಲೂ ಅದೇ ತುಣುಕು. ಇಷ್ಟೆಲ್ಲ ಆದರೂ ಡೆಲ್‌ಗೆ ಪ್ರೂಯಿಟ್‌ನಿಂದ ಒಂದು ಕರೆ ಇಲ್ಲ. ಅವನಷ್ಟು ಚೆನ್ನಾಗಿ ಬೀಳುವವನು ಆ ಊರಿನಲ್ಲಿ ಇನ್ನೊಬ್ಬನೇ ಇದ್ದ. ಆ ಇನ್ನೊಬ್ಬನೂ ಅವನೇ, ಫಿಲ್ಮಿನ ಡಬ್ಬಿಯಲ್ಲಿದ್ದವನು. ಅವನಿಗೆ ವಯಸ್ಸಾಗುತ್ತಿರಲಿಲ್ಲ, ಕಾಫಿ ಬೇಕಿರಲಿಲ್ಲ, ಮಂಡಿ ನೋಯುತ್ತಿರಲಿಲ್ಲ.

ಓರ್ವಿಲ್ ತಾನೂ ಹಿಂದೆ ಕುದುರೆಯಿಂದ ಬೀಳುತ್ತಿದ್ದವನೇ. ಸೊಂಟ ಮುರಿದ ಮೇಲೆ ಕಾಫಿ ಅಂಗಡಿ ಇಟ್ಟಿದ್ದ.

"ಡೆಲ್, ನಿನ್ನೆ ನಿನ್ನ ಹೆಬ್ಬೆರಳು ಬಂದಿತ್ತು ಕಣೋ. ಚೆನ್ನಾಗಿದೆ. ನಿನ್ನನ್ನ ಕೇಳಿದೆ ಅಂತ ಹೇಳು ಅಂತು."

"ಕಾಫಿ ಹಾಕು."

"ಎರಡೂ ಕಾಲಿಗೆ ಹಾಕ್ಲಾ, ಒಂದೇ ಕಾಲಿಗಾ?"

ಡೆಲ್ ಹೊಸಬರ ಹತ್ತಿರ ಆ ಹಳೆಯ ಮಾತು ಹೇಳುವುದನ್ನು ಬಿಟ್ಟ. ಪ್ಯಾನ್‌ಕೇಕಿನ ಮುಂದೆಯೂ ಬಾಯಿ ಬಿಡಲಿಲ್ಲ. ಅವನಿಗೆ ಬೇಕಾದದ್ದು ಒಂದೇ. ಆ ಬೀಳಾಟವನ್ನು ಇನ್ನೊಮ್ಮೆ ಬೀಳಬೇಕು, ಎರಡೂ ಬೂಟು ಕಾಲಲ್ಲಿಟ್ಟುಕೊಂಡು, ಅದೇ ಟಿವಿಯಲ್ಲಿ, ಬೇಕರ್ಸ್‌ಫೀಲ್ಡಿನ ಅತ್ತೆ ನೋಡುತ್ತಿರುವಾಗ. ಪ್ರೂಯಿಟ್‌ಗೆ ಐದು ವರ್ಷದಲ್ಲಿ ಒಂಬತ್ತು ಕಾಗದ ಬರೆದ. ಒಂಬತ್ತಕ್ಕೂ ಕ್ಯಾಪ್ಟನ್ ಹೆಜ್ಜಾರ್ಲೆಯ ರುಜು ಹಾಕಿದ ಫೋಟೋ ಉತ್ತರವಾಗಿ ಬಂತು. ರುಜು ಬ್ರೆಟ್‌ನದು, ಫೋಟೋದಲ್ಲಿದ್ದದ್ದು ಗಾಳಿಯಲ್ಲಿ ತೇಲುತ್ತಿದ್ದ ಡೆಲ್, ಒಂಟಿ ಬೂಟಿನಲ್ಲಿ.

ಎಪ್ಪತ್ತೊಂಬತ್ತರಲ್ಲಿ ನೀಲಿ ಉಡುಪನ್ನು ನುಸಿ ತಿಂದಿತು. ಸಂಜೆ ಐದಕ್ಕೆ ಅರಾಕ್ಸಿಯ ಫೋನು ಬಂತು.

"ಡೆಲ್ಬರ್ಟ್ ಜಾನ್, ಕೂತಿದ್ದೀಯಾ? ಹೊಸ ಸೂಟು. ಕೆಂಪು. ಮೇಲಿಂದ ಕೆಳಗಿನವರೆಗೂ ಕೆಂಪು. ನೀಲಿಯವನು ಬಿದ್ರೆ ಕೆಂಪಿನವನು ಎದ್ದೇಳೋಕಾಗುತ್ತಾ?"

ಹಳೆಯ ತುಣುಕು ಇನ್ನು ಹೊಂದುವುದಿಲ್ಲ ಎಂದು ಡೆಲ್‌ಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಅಂಗಳಕ್ಕೆ ಹೋಗಿ ನಿಂಬೆಗಿಡದ ಹತ್ತಿರ ಒಬ್ಬನೇ ನಿಂತಿದ್ದು ಬಂದ.

ಈ ಸಲ ಪ್ರೂಯಿಟ್ ಕರೆದ. ಡೆಲ್‌ಗೆ ಐವತ್ಮೂರು. ಎಡಮಂಡಿಯಲ್ಲಿ ಮೂಳೆ ಮೂಳೆಯನ್ನು ಅರೆಯುತ್ತಿತ್ತು. ಇನ್ನೊಂದು ಸಲ ಬಿದ್ದರೆ ಅದೇ ಕೊನೆ ಎಂದು ಡಾಕ್ಟರು ಹೇಳಿದ್ದರು. "ಮೆಟ್ಟಿಲು ಹತ್ತೋವಾಗ ನಿನ್ನ ಮಂಡಿ ಕಾಫಿಬೀಜ ಪುಡಿಮಾಡೋ ಸದ್ದು ಮಾಡುತ್ತೆ," ಅಂದ ಓರ್ವಿಲ್. "ಹೋಗ್ಬೇಡ ಕಣೋ." ಅಂದವನೇ ಅಂಗಡಿಗೆ ಬೀಗ ಹಾಕಿ ನೋಡಲು ಬಂದ. ಲೂಎಲ್ಲಾ ಹೊಸ ಕಾಲ್ಚೀಲ ತಂದು, ತೂತಿಲ್ಲದಿದ್ದರೂ ಹೆಬ್ಬೆರಳ ಜಾಗಕ್ಕೆ ಮುಂಚಿತವಾಗಿ ಹೊಲಿಗೆ ಹಾಕಿದಳು. ಬೂಟು ಒಂಬತ್ತನೇ ನಂಬರ್. ಅರಾಕ್ಸಿ ದಾರ ತೆಗೆದಳು. ಅವಳು ಕೇಳುವ ಮೊದಲೇ ಡೆಲ್ ಕಾಲು ಮುಂದಿಟ್ಟ.

ಆರನೇ ಮಹಡಿ. ಅವನು ಬಿದ್ದ ಪರಿಯನ್ನು ಏನೆಂದು ಹೇಳುವುದು. ಒಂದು ಪಾರಿವಾಳ ಜೊತೆಗೇ ಇಳಿದು, ಮೂರನೇ ಮಹಡಿಯಲ್ಲಿ ಸೋಲೊಪ್ಪಿ ಕಿಟಕಿಯ ಮೇಲೆ ಕೂತಿತು. ಬೂಟುಗಳು ಕಾಲಿಗೆ ಹುಟ್ಟಿನಿಂದ ಬಂದವುಗಳಂತೆ ಅಂಟಿಕೊಂಡಿದ್ದವು. ಕೆಳಗೆ ಲೈಟಿನವರು, ಅಡಿಗೆಯವರು ಎಲ್ಲ ಚಪ್ಪಾಳೆ ತಟ್ಟಿದರು. ಹಾಸಿಗೆಯ ಮೇಲೆ ಮಲಗಿದ್ದ ಡೆಲ್ ತಲೆಯೆತ್ತಿ ಮೊದಲು ನೋಡಿದ್ದು ಕಾಲನ್ನು. ಎರಡೂ ಇದ್ದವು. ಏಳಲು ಹೋದಾಗ ಮಂಡಿ ಕೈಕೊಟ್ಟಿತು. ನಾಲ್ಕು ಜನ ಎತ್ತಿಕೊಂಡು ಹೋದರು. ಹೋಗುವಾಗ ಅವನು ನಗುತ್ತಿದ್ದ.

ಚಿತ್ರ ಬರುವ ಸಂಜೆ ಡೆಲ್ ಮನೆಯಲ್ಲಿ ಓರ್ವಿಲ್, ಅರಾಕ್ಸಿ, ಬೇಕರ್ಸ್‌ಫೀಲ್ಡಿನಿಂದ ಬಸ್ಸು ಹಿಡಿದು ಬಂದ ಅತ್ತೆ. ಲೂಎಲ್ಲಾ ಮೀನು, ಚೀಸು ಹಾಕಿದ ನೂಡಲ್ಸ್ ಬೇಯಿಸಿ ಎಲ್ಲರ ತೊಡೆಯ ಮೇಲೆ ತಟ್ಟೆ ಇಟ್ಟಿದ್ದಳು. ಡೆಲ್ ಊರುಗೋಲನ್ನು ಕುರ್ಚಿಗೆ ಒರಗಿಸಿ ಮುಂದಕ್ಕೆ ಬಾಗಿ ಕೂತ. ಕೆಂಪು ಹೆಜ್ಜಾರ್ಲೆ ಕಟ್ಟಡದ ಅಂಚಿಗೆ ಬಂದ. ಕೆಳಗೆ ನೋಡಿದ. ಹಾರಿದ.

ಗಾಳಿಯಲ್ಲಿ ನೀಲಿಯಾದ.

ಬೂಟು ಕಳಚಿತು. ಪತ್ರಿಕೆಯ ಉಂಡೆ ಹಾರಿತು. ಹೆಬ್ಬೆರಳು ಬಂತು. ಆಮೇಲೆ ಓಣಿಯೊಳಗೆ ಕೆಂಪು ಉಡುಪಿನ ಬ್ರೆಟ್ ಎದ್ದು ನಿಂತು ಮೈಕೊಡವಿಕೊಂಡ. ಸಾಬೂನಿನ ಜಾಹೀರಾತು ಶುರುವಾಯಿತು.

ಯಾರೂ ಫೋರ್ಕು ಎತ್ತಲಿಲ್ಲ. ಕೊನೆಗೆ ಅತ್ತೆ, "ಉಗುರು ಸ್ವಲ್ಪ ಸರಿಯಾದ ಹಾಗಿದೆ," ಅಂದಳು. ಸಮಾಧಾನಕ್ಕೇ ಹೇಳಿದ್ದು.

ಡೆಲ್ ಪ್ರೂಯಿಟ್‌ನ ಮನೆಗೆ ಫೋನು ಮಾಡಿದ.

"ಚಾನೆಲ್‌ನವರಿಗೆ ನಿನ್ನ ಹೊಸದನ್ನೇ ತೋರಿಸ್ದೆ ಡೆಲ್, ದೇವರಾಣೆ. ಇದು ಯಾರು ಅಂದ್ರು."

"ನಾನೇ ಅಂತ ಹೇಳ್ಬೇಕಿತ್ತು."

"ಹೇಳ್ದೆ. ಹಾಗಾದ್ರೆ ಬೂಟು ಯಾಕೆ ಬೀಳ್ಲಿಲ್ಲ ಅಂದ್ರು. ಮಕ್ಕಳ ಕಾಗದ ಮೂಟೆಗಟ್ಟಲೆ ಬರುತ್ತೆ ಡೆಲ್, ಎಲ್ಲಾ ಬೂಟಿನ ಬಗ್ಗೆನೇ. ಬೂಟು ಬೀಳದೇ ಇದ್ರೆ ಅವನು ಹೆಜ್ಜಾರ್ಲೆನೇ ಅಲ್ಲ, ಯಾರೋ ಬೇರೆಯವನು ಅಂತಾರೆ."

"ಬಣ್ಣ?"

"ಬಣ್ಣ ಯಾರೂ ಗಮನಿಸಲ್ಲ."

ಡೆಲ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಹೊಸ ತುಣುಕು ನಂಗೆ ಕೊಡ್ತೀರಾ? ಮನೇಲಿಟ್ಕೊಳ್ಳೋಕೆ."

"ಅಯ್ಯೋ, ಬೇಡದ್ದನ್ನೆಲ್ಲ ಗುರುವಾರನೇ ಸುಟ್ಟುಬಿಟ್ರಲ್ಲ," ಅಂದ ಪ್ರೂಯಿಟ್. ಅವನ ದನಿಯಲ್ಲೂ ನಿಜವಾದ ಬೇಸರವಿತ್ತು. ಅದಕ್ಕೇ ಡೆಲ್‌ಗೆ ಬೈಯಲೂ ಆಗಲಿಲ್ಲ. ಫೋನು ಇಟ್ಟು, ಅದರ ಸುರುಳಿ ತಂತಿಯ ಸಿಕ್ಕು ಬಿಡಿಸುತ್ತ ನಿಂತ. ಸಿಕ್ಕು ಬಿಡಿಸಿ ಮುಗಿದ ಮೇಲೂ ನಿಂತೇ ಇದ್ದ.

ಮರುದಿನ ಬೆಳಗ್ಗೆ ಊರುಗೋಲು ಊರಿಕೊಂಡು ಓರ್ವಿಲ್‌ನ ಅಂಗಡಿಗೆ ಹೋದ. ಹೋಗದೆ ಮನೆಯಲ್ಲಿದ್ದರೆ ಲೂಎಲ್ಲಾ ಅಳುವುದನ್ನು ನೋಡಬೇಕಿತ್ತು. ಮೂರನೆಯ ಸ್ಟೂಲಿಗೆ ಹತ್ತುವುದಕ್ಕೇ ಎರಡು ನಿಮಿಷ ಹಿಡಿಯಿತು. ಪಕ್ಕದಲ್ಲಿ ಹೊಸಬನೊಬ್ಬ, ಲಾರಿ ಡ್ರೈವರು, ಮೊಟ್ಟೆ ತಿನ್ನುತ್ತ ಅವನನ್ನೇ ನೋಡುತ್ತಿದ್ದ.

ಓರ್ವಿಲ್ ರಾತ್ರಿಯೆಲ್ಲ ಗೆಳೆಯನ ಬಗ್ಗೆ ಮರುಗಿದ್ದ. ಬೆಳಗ್ಗೆ ಅವನನ್ನು ಹೇಗೆ ಮಾತಾಡಿಸುವುದೆಂದು ತಿಳಿಯಲಿಲ್ಲ. ತಿಳಿಯದಾಗ ಮಾಡುತ್ತಿದ್ದದ್ದನ್ನೇ ಮಾಡಿದ.

"ಇವನು ಯಾರು ಗೊತ್ತೇನ್ರೀ?" ಅಂದ ಡ್ರೈವರಿಗೆ. "ಬಿದ್ದು ಎದ್ದಾಗ ಒಂದು ಗುಂಡಿ ಕೂಡ ಕಳ್ಕೊಳ್ದವನು. ನಿನ್ನೆ ಟಿವಿ ನೋಡಿದ್ರಾ?"

"ನೋಡ್ದೆ," ಅಂದ ಡ್ರೈವರು. "ಬೂಟು ಹೋಯ್ತಲ್ಲ ಸ್ವಾಮಿ?"

ಡೆಲ್ ಕಾಫಿಗೆ ಸಕ್ಕರೆ ಹಾಕಿ ನಿಧಾನವಾಗಿ ತಿರುಗಿಸಿದ.

"ಓರ್ವಿಲ್, ಐದು ವರ್ಷದಿಂದ ಟಿವೀಲಿ ನೋಡ್ತಿದ್ದೀಯ. ಬೂಟು ಹೋಗೋದು ನೋಡಿದ್ದೀಯ. ನಾನು ನೆಲ ಮುಟ್ಟಿದ್ದನ್ನ ಒಂದ್ಸಲನಾದ್ರೂ ನೋಡಿದ್ದೀಯಾ?"

ಓರ್ವಿಲ್ ಯೋಚಿಸಿದ. "ಇಲ್ಲ. ಅಷ್ಟರಲ್ಲಿ ಕತ್ತರಿಸ್ತಾರೆ."

"ಬಿದ್ದು ಎದ್ದಾಗ ಅಂತ ತಾನೆ ನಾನು ಹೇಳಿದ್ದು? ಅವರು ಬಿಟ್ರೆ ತಾನೆ ಬೀಳೋದು. ನಾನಿನ್ನೂ ದಾರೀಲಿದ್ದೀನಿ. ಎದ್ದ ದಿನ ಬಾ, ಗುಂಡಿ ಎಣಿಸೋಣ."