ಎರಡು ಕಣ್ಣಿಗೆ ಎರಡು ನೀಲಿ

ಬೆಳಕು ಹರಿಯುವ ಹೊತ್ತು. ಊದಿದ ಗಾಜನ್ನು ಮೆಲ್ಲಗೆ ತಣಿಸುವ ಗೂಡಿನ ಕಬ್ಬಿಣದ ಬಾಗಿಲಿಗೆ ಅಂಗೈ ಒತ್ತಿ ನೋಡಿ ಗಾಜಿನಕ್ಕ ಹಿಂದೆ ಸರಿಯುತ್ತಾರೆ. ಇನ್ನೂ ಬಿಸಿ. ಈಗ ತೆರೆದರೆ ಒಳಗಿನ ಗುಂಡುಗಳೆಲ್ಲ ಬಿರುಕು ಬಿಟ್ಟಾವು. ಗುಡಿಸಿದ ನೆಲವನ್ನೇ ಮತ್ತೊಮ್ಮೆ ಗುಡಿಸುತ್ತಾರೆ, ಮತ್ತೆ ಬಂದು ಬಾಗಿಲು ಮುಟ್ಟುತ್ತಾರೆ. ಊದುಕೊಳವೆ ಒರೆಸುತ್ತಿರುವ ನಾದಿನಿಗೆ ನಗು.

"ಅತ್ತಿಗೆ, ಅದೇನು ಹೆರಿಗೆ ಕೋಣೆನಾ? ಸ್ವಲ್ಪ ಕೂತ್ಕೊಳ್ಳಿ."

ಕೂರುವುದಾದರೂ ಹೇಗೆ? ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡು, ಪೊರೆ ತೆಗೆಸಿದ ಬಲಗಣ್ಣೊಂದರಿಂದಲೇ ಅವರು ಆರಿಸಿದ ಮೊದಲ ಬಣ್ಣಗಳು ಒಳಗಿವೆ.

ಅಲಂಕಾರಕ್ಕೆ ತೂಗುಹಾಕುವ ಪಟ್ಟೆಪಟ್ಟೆ ಗಾಜಿನ ಗುಂಡುಗಳನ್ನು ನೀವು ಅಂಗಡಿಗಳಲ್ಲಿ ನೋಡಿರುತ್ತೀರಿ. ಇಲ್ಲಿ ಊದುವುದು ನಾದಿನಿ, ಪಟ್ಟೆ ಕೂರಿಸುವುದು ಅತ್ತಿಗೆ. ಕೊಳವೆಯ ತುದಿಯ ಗಾಜಿನ ಮುದ್ದೆಗೆ ಬಣ್ಣದ ಗಾಜುಕಡ್ಡಿಗಳನ್ನು ಅಂಟಿಸಿ, ಕುಲುಮೆಗೆ ಹಿಡಿದು, ಊದುತ್ತಾ ತಿರುಚಿದರೆ ಪಟ್ಟೆ ಬಳ್ಳಿಯಂತೆ ಸುತ್ತಿಕೊಳ್ಳುತ್ತದೆ. ಕಾದಾಗ ಎಲ್ಲ ಬಣ್ಣವೂ ಕೆಂಡವೇ. ಯಾವುದರ ಪಕ್ಕ ಯಾವುದು ಎಂಬುದು ಕಡ್ಡಿ ಆರಿಸುವಾಗಲೇ ತೀರ್ಮಾನವಾಗಿರಬೇಕು.

ಮದುವೆಯಾಗಿ ಬಂದ ಮೇಲೆ ಗಾಜಿನಕ್ಕನಿಗೆ ಅತ್ತೆ ಬೈದು ಬೈದು ಕಲಿಸಿದ ಕೆಲಸ. ಅಂದಿನಿಂದ ಬೆಂಕಿ ನೋಡಿದ ಕಣ್ಣುಗಳಿಗೆ ಪೊರೆ ಬಂದದ್ದು ಅವರಿಗೇ ಗೊತ್ತಾಗಿರಲಿಲ್ಲ. ಹೋದ ತಿಂಗಳು ಬಲಗಣ್ಣಿನ ಕಟ್ಟು ಬಿಚ್ಚಿದಾಗ ಕಪಾಟಿನಲ್ಲಿದ್ದ ತಮ್ಮದೇ ಗುಂಡುಗಳನ್ನು ಕಂಡು ದಂಗಾದರು. ಹಸಿರಿನ ಪಕ್ಕ ಕಪ್ಪೆಂದು ಇಟ್ಟದ್ದು ಕಡುನೇರಳೆ! ಬೆಣ್ಣೆ ಬಣ್ಣ ಎಂದುಕೊಂಡದ್ದು ಸುಣ್ಣದಂಥ ಬಿಳಿ. ಅತ್ತಿಗೆ ಬೇಕೆಂದೇ ಹಾಗೆ ಇಡುತ್ತಾರೆ ಎಂದು ನಾದಿನಿ ಸುಮ್ಮನಿದ್ದರಂತೆ. ಅಂಗಡಿಯವರು ಇಷ್ಟು ವರ್ಷ ಮೆಚ್ಚಿ ಕೊಂಡದ್ದೂ ಆ ಪಟ್ಟೆಗಳನ್ನೇ.

"ನಂಗೆ ಕಂಡಿದ್ದು ನಾನು ಇಟ್ಟೆ. ಈಗ ಯಾವ ಕಣ್ಣನ್ನ ನಂಬ್ಲಿ?" ಎನ್ನುತ್ತಾ ಅವರು ಮತ್ತೆ ಗೂಡಿನ ಕಡೆ ನಡೆಯುತ್ತಾರೆ.

ಎಡಗಣ್ಣಿನ ಪೊರೆಯನ್ನೂ ತೆಗೆಸಲೇಬೇಕು. ಎರಡು ಕಣ್ಣು ಎರಡು ಥರ ಕಾಣುವುದರಿಂದ ಕಾದ ಗಾಜು ಎಷ್ಟು ಹತ್ತಿರವಿದೆ ಎಂದು ತಿಳಿಯದೆ ಈಗಾಗಲೇ ಹೆಬ್ಬೆರಳು ಸುಟ್ಟುಕೊಂಡಿದ್ದಾರೆ. ಆದರೂ ಆಸ್ಪತ್ರೆಯ ದಿನವನ್ನು ಮುಂದೂಡುತ್ತಲೇ ಇದ್ದಾರೆ. ಆ ಕಣ್ಣೂ ತಿಳಿಯಾದರೆ ಜನ ಮೆಚ್ಚಿದ ಪಟ್ಟೆ ಕೈಗೆ ಬರುವುದೇ ಎಂಬ ಅಳುಕು. ಬಣ್ಣ ಹೋದರೆ ಇನ್ನೊಂದು ತರಬಹುದು, ಬೆರಳು ಹೋದರೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂಬುದು ನಾದಿನಿಯ ವಾದ.

ಬಾಗಿಲು ಕೊನೆಗೂ ತಣ್ಣಗಾಗಿದೆ. ಒಂದು ಗುಂಡನ್ನೆತ್ತಿ ಕಿಟಕಿಗೆ ಹಿಡಿಯುತ್ತಾರೆ. ತಿಳಿನೀಲಿ, ಬಿಳಿ, ನಡುವೆ ಎಳೆಯಂತೆ ಗುಲಾಬಿ. ಒಂದೊಂದೇ ಕಣ್ಣು ಮುಚ್ಚಿ ನೋಡುತ್ತಾರೆ. ಬಲಗಣ್ಣಿಗೆ ನೀಲಿ ನೀಲಿಯೇ, ಎಡಗಣ್ಣಿಗೆ ಮಾಸಿದ ಹಸಿರು. ನಾದಿನಿಯ ಕೈಗೆ ಕೊಟ್ಟು ಮುಖ ನೋಡುತ್ತಾ ನಿಲ್ಲುತ್ತಾರೆ.

ನಾದಿನಿ ಹೊರಳಿಸಿ ಹೊರಳಿಸಿ ನೋಡುತ್ತಾರೆ. "ಚೆನ್ನಾಗಿದೆ ಅತ್ತಿಗೆ. ಆದ್ರೆ ಇದನ್ನ ಯಾರು ಬೇಕಾದ್ರೂ ಮಾಡಿರಬಹುದು."

ಗಾಜಿನಕ್ಕ ಕಡ್ಡಿಗಳ ಡಬ್ಬಿ ಎಳೆದುಕೊಂಡು ಒಂದನ್ನು ತೆಗೆದು, ಇಟ್ಟು, ಇನ್ನೊಂದನ್ನು ತೆಗೆಯುತ್ತಾರೆ. ಬಹಳ ಹೊತ್ತಿನ ಮೇಲೆ ಬೂದಿ ಬಣ್ಣದ ಕಡ್ಡಿಯ ಪಕ್ಕ ಕಿತ್ತಳೆಯದೊಂದನ್ನು ಮಲಗಿಸುತ್ತಾರೆ. ಮುಖ ಕಿವುಚಿಕೊಳ್ಳುತ್ತಾರೆ. ತೆಗೆಯುವುದಿಲ್ಲ.

"ಇದು ಎರಡು ಕಣ್ಣಿಗೂ ಒಪ್ತಿಲ್ಲ, ಆದ್ರೆ ಬೇರೆ ಯಾರೂ ಹೀಗೆ ಇಡಲ್ಲ. ಇದನ್ನೇ ಊದು," ಎನ್ನುತ್ತಾರೆ. "ಆಮೇಲೆ ಆಸ್ಪತ್ರೆಗೆ ಫೋನ್ ಮಾಡು. ಸೋಮವಾರವೇ ಬರ್ತೀವಿ ಅನ್ನು."